ಕಲ್ಲಿದ್ದಲು ಎಳೆಯುತ್ತಿದ್ದ ಕ್ಯೂ6 ಇಂಜಿನ್ ಹಿಂದೆ ಹಲವು ವರ್ಷ

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಹಳೆಯ ಸ್ಟೀಮ್ ರೈಲುಗಳನ್ನು ಓಡಿಸುವ ನಾರ್ತ್ ಯಾರ್ಕ್‌ಶೈರ್ ಮೂರ್ಸ್ ರೈಲ್ವೆಯಲ್ಲಿ 63395 ನಂಬರಿನ ಇಂಜಿನ್ ಓಡುತ್ತದೆ ಅಂತ ಗೊತ್ತಾದರೆ ಸಾಕು, ಹೊರಟುಬಿಡುತ್ತೇನೆ. ಹಲವು ವರ್ಷಗಳಿಂದ ಇದೇ ಅಭ್ಯಾಸ.

ಇದು ಕ್ಯೂ6 ಅನ್ನುವ ಮಾದರಿಯ ಗೂಡ್ಸ್ ಸ್ಟೀಮ್ ಇಂಜಿನ್. ರೈಲ್ವೆ ಇಂಜಿನಿಯರ್ ವಿನ್ಸೆಂಟ್ ರಾವೆನ್ ವಿನ್ಯಾಸ ಮಾಡಿದ್ದು. 1913ರಿಂದ 1921ರವರೆಗೆ ಇಂಥವು 120 ತಯಾರಾದವು. ಇಂಗ್ಲೆಂಡಿನ ಈಶಾನ್ಯ ಭಾಗದ ಗಣಿಗಳಿಂದ ಕಲ್ಲಿದ್ದಲು ಎಳೆಯುವುದೇ ಇವುಗಳ ಕಸುಬು. ಈಗ ಉಳಿದಿರುವುದು ಇದೊಂದೇ, 1918ರಲ್ಲಿ ಡಾರ್ಲಿಂಗ್ಟನ್‌ನಲ್ಲಿ ಕಟ್ಟಿದ್ದು. 1967ರಲ್ಲಿ ಕೆಲಸ ನಿಂತ ಮೇಲೆ ಗುಜರಿಗೆ ಹೋಗಬೇಕಿತ್ತು. ರೈಲು ಅಭಿಮಾನಿಗಳ ಒಂದು ಗುಂಪು ದುಡ್ಡು ಹೊಂದಿಸಿ ಕೊಂಡು ಉಳಿಸಿತು. ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ಹತ್ತುವುದಾದರೆ ಈ ದಾರಿಯ ಗ್ರೋಸ್ಮಂಟ್ ನಿಲ್ದಾಣದಲ್ಲಿ ಹತ್ತಿ, ಮುಂದಿನ ಬೋಗಿಯಲ್ಲೇ ಕೂರಿ. ಅಲ್ಲಿಂದ ಗೋತ್‌ಲ್ಯಾಂಡ್‌ವರೆಗೆ ಸುಮಾರು 3.5 ಮೈಲಿ ಏರು, 49 ಅಡಿ ಹೋದರೆ 1 ಅಡಿ ಮೇಲಕ್ಕೆ. ಇಂಜಿನ್ ತೂಕ ಸುಮಾರು 66 ಟನ್. ಮುಂದೆ ಸಣ್ಣ ಚಕ್ರಗಳಿಲ್ಲ, ಇರುವ ಎಂಟೂ ಎಳೆಯುವ ಚಕ್ರಗಳೇ. ಹಾಗಾಗಿ ಇಂಜಿನ್ನಿನ ಭಾರವೆಲ್ಲ ಹಳಿ ಹಿಡಿಯಲು ಒದಗುತ್ತದೆ. ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಭುಸ್ಸೆನ್ನುತ್ತದೆ. ಏರಿನಲ್ಲಿ ಆ ನಾಲ್ಕನ್ನೂ ಬಿಡಿಬಿಡಿಯಾಗಿ ಎಣಿಸಬಹುದು. ಕಿಟಕಿ ಗಾಜಿಗೆ ಬೆರಳಿಟ್ಟರೆ ಸದ್ದು ಬೆರಳಿಗೂ ತಟ್ಟುತ್ತದೆ.

ಒಮ್ಮೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅರಸೀಕೆರೆಯಲ್ಲಿ ಸ್ಟೀಮ್ ಇಂಜಿನ್ ನೋಡುತ್ತಾ ಬೆಳೆದವರು. ಏರು ಶುರುವಾದಾಗ ಮಾತು ನಿಲ್ಲಿಸಿದರು. ಆಮೇಲೆ ಮೆಲ್ಲಗೆ, "ಈ ವಾಸನೆ ಮರೆತೇ ಹೋಗಿತ್ತು ಕಣೋ" ಅಂದರು. ಕಲ್ಲಿದ್ದಲು ಹೊಗೆ, ಬಿಸಿ ಎಣ್ಣೆ, ಒದ್ದೆ ಹಬೆ ಮೂರೂ ಸೇರಿದ ವಾಸನೆ ಅದು.

ವೇಗ ಬೇಕೆನ್ನುವವರಿಗೆ ಇದು ಹಿಡಿಸುವುದಿಲ್ಲ. ಗಂಟೆಗೆ 25 ಮೈಲಿಗಿಂತ ಜಾಸ್ತಿ ಓಡುವ ಹಾಗಿಲ್ಲ. ಗ್ರೋಸ್ಮಂಟ್‌ನಿಂದ ದಾರಿಯ ಇನ್ನೊಂದು ತುದಿಯ ಪಿಕರಿಂಗ್‌ವರೆಗಿನ 18 ಮೈಲಿಗೆ ಒಂದು ಗಂಟೆ ದಾಟುತ್ತದೆ. ಹೋದಾಗಲೆಲ್ಲ ಈ ಇಂಜಿನ್ ಸಿಗುವುದೂ ಇಲ್ಲ. ಸುಮಾರು ಹತ್ತು ವರ್ಷಕ್ಕೊಮ್ಮೆ ಬಾಯ್ಲರ್ ಬಿಚ್ಚಿ ದೊಡ್ಡ ರಿಪೇರಿ ಮಾಡಬೇಕು, ಅದು ಮುಗಿಯಲು ವರ್ಷಗಳೇ ಹಿಡಿಯಬಹುದು. ಬೇಸಿಗೆಯಲ್ಲಿ ಹುಲ್ಲು ಒಣಗಿ ಬೆಂಕಿಯ ಭಯವಿದ್ದರೆ ಡೀಸೆಲ್ ಇಂಜಿನ್ ಹಾಕುತ್ತಾರೆ. ಯಾವ ದಿನ ಯಾವ ಇಂಜಿನ್ ಅಂತ ನೋಡಿಕೊಂಡೇ ಟಿಕೆಟ್ ತೆಗೆದುಕೊಳ್ಳಿ.

ಗ್ರೋಸ್ಮಂಟ್‌ನಲ್ಲಿ ಇಂಜಿನ್ ಶೆಡ್ ನೋಡುವುದನ್ನು ಬಿಡಬೇಡಿ. 1836ರಲ್ಲಿ ಕುದುರೆಗಳು ಬೋಗಿ ಎಳೆಯುತ್ತಿದ್ದ ಕಾಲದ ಕಿರಿದಾದ ಸುರಂಗದಲ್ಲಿ ನಡೆದು ಅಲ್ಲಿಗೆ ಹೋಗಬೇಕು. ಬಿಳಿ ಅಂಗಿ ಮಾತ್ರ ಬೇಡ. ಕಿಟಕಿಯಿಂದ ತಲೆ ಹೊರಗೆ ಹಾಕಬೇಡಿ, ಕಣ್ಣಿಗೆ ಕಿಡಿ ಬಿದ್ದು ನಾನು ಒಂದಿಡೀ ದಿನ ಒದ್ದಾಡಿದ್ದೇನೆ.