ಎರೆಗೊಬ್ಬರವೋ, ಬೇವಿನ ಹಿಂಡಿಯೋ? ಮುಂಬೈ ಮನೆಯೊಳಗಿನ ಕುಂಡಗಳಿಗೆ

ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ತುಳಸಿ, ದೊಡ್ಡಪತ್ರೆ, ವೀಳ್ಯದೆಲೆ ಬಳ್ಳಿ ಎಲ್ಲವೂ ಕಿಟಕಿ ಒಳಗೇ ಬೆಳೆಯುತ್ತವೆ. ಇಂಥ ಕುಂಡಗಳಿಗೆ ಒಂದೇ ಗೊಬ್ಬರ ಕೊಳ್ಳುವುದಾದರೆ ಯಾವುದು ಅಂತ ತುಂಬಾ ಜನ ಕೇಳುತ್ತಾರೆ.

ಎರೆಗೊಬ್ಬರ ಸೌಮ್ಯ. ಸ್ವಲ್ಪ ಜಾಸ್ತಿ ಬಿದ್ದರೂ ಬೇರು ಸುಡುವುದಿಲ್ಲ, ವಾಸನೆಯಿಲ್ಲ, ಮಣ್ಣು ಸಡಿಲವಾಗುತ್ತದೆ. ಆದರೆ ಅದು ತೇವ ಹಿಡಿದಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮಣ್ಣು ಒಣಗುವುದೇ ಕಷ್ಟ, ಅಲ್ವಾ? ಆ ಒದ್ದೆ ಮೇಲ್ಪದರದಲ್ಲೇ ಸಣ್ಣ ಕಪ್ಪು ನೊಣಗಳು ಮೊಟ್ಟೆ ಇಡುತ್ತವೆ. ಮರಿಹುಳುಗಳು ಎಳೆ ಬೇರನ್ನೂ ತಿನ್ನುತ್ತವೆ.

ಬೇವಿನ ಹಿಂಡಿ ಎಣ್ಣೆ ತೆಗೆದ ಮೇಲೆ ಉಳಿಯುವ ಬೀಜದ ಪುಡಿ. ಸಾರಜನಕ ನಿಧಾನವಾಗಿ ಕೊಡುತ್ತದೆ. ಅದರಲ್ಲಿರುವ ಅಜಾಡಿರಕ್ಟಿನ್ ಎಂಬ ಅಂಶ ಹುಳುಗಳ ಬೆಳವಣಿಗೆ ತಡೆಯುತ್ತದೆ. ಬೇರಿನಲ್ಲಿ ಗಂಟು ಮಾಡುವ ಸೂಕ್ಷ್ಮ ಜಂತುಹುಳುವಿಗೂ (ನೆಮಟೋಡ್) ಒಳ್ಳೆಯ ತಡೆ. ಮುಚ್ಚಿದ ಕೋಣೆಯಲ್ಲಿ ಕೆಲವು ದಿನ ಕಹಿ ವಾಸನೆ ಇರುತ್ತದೆ. ಸುಮ್ನೆ ಮೇಲೆ ಉದುರಿಸಿದರೆ ಬೂಷ್ಟು ಹಿಡಿಯುತ್ತದೆ, ಮಣ್ಣಲ್ಲಿ ಕಲಸಲೇಬೇಕು.

ಹೊಸದಾಗಿ ಶುರು ಮಾಡುವವರು ಎರೆಗೊಬ್ಬರವನ್ನೇ ಕೊಳ್ಳಲಿ. ನೊಣದ ಕಾಟ ಕಂಡವರಿಗೆ ಹಿಂಡಿಯೇ ಸರಿ. ನಾನು ಎರಡನ್ನೂ ಬಳಸುತ್ತೇನೆ: 10 ಇಂಚಿನ ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ, ಒಂದು ದೊಡ್ಡ ಚಮಚ ಹಿಂಡಿ.

ಎಲೆ ಮೇಲಿನ ಬಿಳಿ ಹಿಟ್ಟು ತಿಗಣೆಗೆ ಮಾತ್ರ ಇವೆರಡನ್ನೇ ನಂಬಬೇಡಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ದ್ರವ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಎಲೆಯ ಅಡಿಭಾಗ ಮರೆಯಬೇಡಿ.