ಕ್ಲಿನಿಕ್‌ಗೆ ಸಾಫ್ಟ್‌ವೇರ್ ಹಾಕಿಸಿ ಮೂರು ವರ್ಷವಾಯ್ತು

ನಮ್ಮದು ತಾಲ್ಲೂಕು ಕೇಂದ್ರದ ಸಣ್ಣ ಕ್ಲಿನಿಕ್. ನಾನು, ಒಬ್ಬರು ಸಿಸ್ಟರ್, ಕೌಂಟರಿನಲ್ಲಿ ಒಬ್ಬ ಹುಡುಗ. ಕಾರ್ಡು, ಬೀರು ಬಿಟ್ಟು ಕಂಪ್ಯೂಟರಿಗೆ ಬಂದು ಮೂರು ವರ್ಷ ದಾಟಿತು. ಕಂಪನಿಯ ಹೆಸರು ಹೇಳಲ್ಲ. ಪೇಷಂಟುಗಳ ದಾಖಲೆ ಇಡೋಕೆ ವರ್ಷದ ಚಂದಾ ಕಟ್ಟುವ ಮಾಮೂಲಿ ಸಾಫ್ಟ್‌ವೇರ್ ಅಂದ್ಕೊಳ್ಳಿ.

ಬಿಪಿ, ಶುಗರ್ ಇರುವವರ ವಿಷಯದಲ್ಲಿ ಕೊಟ್ಟ ದುಡ್ಡು ವಸೂಲಾಗಿದೆ. ಟೆಸ್ಟಿಗೆ ಎರಡು ದಿನ ಮುಂಚೆ ಬಾಯಿ ಕಟ್ಟಿದರೆ ಫಾಸ್ಟಿಂಗ್ ಶುಗರ್ ಚೆನ್ನಾಗೇ ಬರುತ್ತೆ. ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಹಾಗಲ್ಲ, ಹಿಂದಿನ ಎರಡು ಮೂರು ತಿಂಗಳ ಶುಗರಿನ ಕಥೆಯನ್ನೆಲ್ಲ ಹೇಳಿಬಿಡುತ್ತೆ. ಅದರ ಗ್ರಾಫ್ ತೆಗೆದು, ಸ್ಕ್ರೀನ್ ತಿರುಗಿಸಿ ತೋರಿಸಿದರೆ "ಹಬ್ಬದಲ್ಲಿ ಸ್ವಲ್ಪ ಜಾಸ್ತಿ ಆಯ್ತು ಡಾಕ್ಟ್ರೇ" ಅಂತ ಅವರೇ ಒಪ್ಪಿಕೊಳ್ಳುತ್ತಾರೆ. ಕಾರ್ಡು ಇದ್ದಾಗ ಈ ಮಾತಿಗೆ ಹತ್ತು ನಿಮಿಷ ವಾದ ಮಾಡಬೇಕಿತ್ತು. ಪೆನ್ಸಿಲಿನ್ ಆಗದವರ ಹೆಸರು ತೆರೆದ ಕೂಡಲೇ ಕೆಂಪು ಪಟ್ಟಿ ಬರುವುದೂ ದೊಡ್ಡ ನೆಮ್ಮದಿ.

ಸಂತೆ ದಿನ ಮಾತ್ರ ಸಾಕಪ್ಪಾ ಸಾಕು ಅನ್ನಿಸುತ್ತೆ. ನೆಗಡಿ ಜ್ವರಕ್ಕೆ ಚೀಟಿ ಬರೆಯುವುದು ಅರ್ಧ ನಿಮಿಷದ ಕೆಲಸ. ಇಲ್ಲಿ ಅದಕ್ಕೂ ನಾಲ್ಕು ಪುಟ ದಾಟಬೇಕು. "ಡಾಕ್ಟ್ರು ಈಗ ಮುಖ ನೋಡಲ್ಲ, ಟೀವಿ ನೋಡ್ತಾರೆ" ಅಂತ ಒಬ್ಬ ಅಜ್ಜಿ ಹೊರಗೆ ಕೂತವರಿಗೆಲ್ಲ ಹೇಳಿದ್ದರು. ಆಮೇಲೆ ಮಾನಿಟರನ್ನು ಪಕ್ಕಕ್ಕೆ ಸರಿಸಿದೆ. ಈಗ ಬಿಪಿ, ತೂಕ ಎಲ್ಲ ಸಿಸ್ಟರೇ ಮೊದಲು ಹಾಕಿ ಕಳಿಸುತ್ತಾರೆ.

ಕೌಂಟರಿನ ಹುಡುಗನ ಕಷ್ಟವೇ ಬೇರೆ. ಇಡೀ ಮನೆಗೆ ಒಂದೇ ಫೋನ್ ನಂಬರ್. ಅದನ್ನು ಒತ್ತಿದರೆ ಅತ್ತೆ, ಸೊಸೆ, ಮೊಮ್ಮಗ ಎಲ್ಲರೂ ಸಾಲಾಗಿ ಬರುತ್ತಾರೆ. ಇಂಗ್ಲಿಷಿನಲ್ಲಿ ಮಂಜುನಾಥ ಅನ್ನೋ ಹೆಸರನ್ನು ಮೂರು ಥರ ಬರೆದರೆ ಮೂರು ಫೈಲ್. ಊರಿನ ಹೆಸರೂ ತುಂಬಲೇಬೇಕು ಅಂತ ಮಾಡಿದ ಮೇಲೆ ಈ ಗೋಜಲು ಕಮ್ಮಿಯಾಯ್ತು. 2021ರಲ್ಲಿ ದೇಶಕ್ಕೆಲ್ಲ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಆಭಾ ನಂಬರ್, ಅಂದರೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಸಿಗುವ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ, ಇದಕ್ಕೆ ಸರಿಯಾದ ಮದ್ದು. ಆದರೆ ಆಧಾರ್‌ನಿಂದ ಅದನ್ನು ಮಾಡಿಸೋಣ ಅಂದರೆ ಒಟಿಪಿ ಹೋಗುವುದು ಬೆಂಗಳೂರಿನಲ್ಲಿರುವ ಮಗನ ಫೋನಿಗೆ. ಅವನು ಮೀಟಿಂಗಿನಲ್ಲಿರುತ್ತಾನೆ!

ಕನ್ನಡದಲ್ಲಿ ಚೀಟಿ ಬರುತ್ತೆ ಅಂತ ಡೆಮೊದಲ್ಲಿ ತೋರಿಸಿದ್ದರು. ನಮ್ಮ ಪ್ರಿಂಟರಿನಲ್ಲಿ ಒತ್ತಕ್ಷರಗಳೆಲ್ಲ ಒಡೆದು ಬಂದವು. ತಿಂಗಳುಗಟ್ಟಲೆ ಫೋನ್ ಮಾಡಿದ ಮೇಲೆ ಸರಿಮಾಡಿದರು. ಈಗ "ರಾತ್ರಿ ಊಟದ ನಂತರ" ಅಂತ ನೀಟಾಗಿ ಬರುತ್ತೆ, ಮೆಡಿಕಲ್ ಸ್ಟೋರಿನಿಂದ ಅನುಮಾನದ ಫೋನ್ ಬರುವುದು ನಿಂತಿದೆ.

ಹಳೇ ಕಾರ್ಡುಗಳನ್ನೆಲ್ಲ ಸ್ಕ್ಯಾನ್ ಮಾಡಿಸಬೇಡಿ, ಸುಮ್ನೆ ದುಡ್ಡು ದಂಡ. ಪೇಷಂಟ್ ಬಂದಾಗ ಅವರ ಕಾಯಿಲೆ, ಮಾತ್ರೆ, ಅಲರ್ಜಿ ಇಷ್ಟನ್ನು ಟೈಪ್ ಮಾಡಿದರೆ ಸಾಕು. ನಮ್ಮಲ್ಲಿ ಉಳಿದದ್ದು ಇನ್ನೂ ಬೀರುವಿನಲ್ಲೇ ಇದೆ.

ನನ್ನ ದೊಡ್ಡ ತಕರಾರು ಇರುವುದು ಡೇಟಾ ಹೊರಗೆ ತೆಗೆಯುವ ವಿಷಯದಲ್ಲಿ. ಪೇಷಂಟ್ ತಮ್ಮ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಲ್ಲೇ ಇದೆ. ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ ಮಾಡಬೇಕು ಅಂತಲೂ ಅದರಲ್ಲೇ ಇದೆ. ಒಬ್ಬರದ್ದಾದರೆ ಒಂದೇ ನಿಮಿಷದಲ್ಲಿ ಪ್ರಿಂಟ್ ಬರುತ್ತೆ, ನಿಜ. ಎಲ್ಲರದ್ದನ್ನೂ ಒಟ್ಟಿಗೆ ಎಕ್ಸೆಲ್‌ನಲ್ಲಿ ಕೊಡಿ ಅಂದಿದ್ದಕ್ಕೆ ಕಂಪನಿಯವರು ಬೇರೆ ಚಾರ್ಜ್ ಹೇಳಿದರು. ಚಂದಾ ಏರಿಸಿದ ವರ್ಷವೇ ಈ ಉತ್ತರ ಬಂತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ನೀವು ಕೊಳ್ಳುವುದಾದರೆ ಡೆಮೊಗೆ ಬಂದವರ ಕೈಲಿ ನಿಮ್ಮ ಎದುರಿಗೇ ಎಲ್ಲ ಪೇಷಂಟುಗಳ ಪಟ್ಟಿ, ಮಾತ್ರೆ, ಟೆಸ್ಟ್ ಸಮೇತ ಒಂದು ಪೆನ್‌ಡ್ರೈವಿಗೆ ಹಾಕಿಸಿ. "ಆಮೇಲೆ ಮಾಡಿಕೊಡ್ತೀವಿ ಸಾರ್" ಅಂದರೆ ಕಾಫಿ ಕುಡಿಸಿ ಕಳಿಸಿಬಿಡಿ.