ಉದ್ಯಮಬಾಗದ ಬಾಡಿಗೆ ವಾಟರ್ ಜೆಟ್: ಪಂಪು ಗಟ್ಟಿ, ಗನ್ನು ನಂಬುವಂತಿಲ್ಲ

ಬೆಳಗಾವಿಯ ಉದ್ಯಮಬಾಗದ ಒಂದು ಅಂಗಡಿಯಲ್ಲಿ ಬಾಡಿಗೆಗೆ ಸಿಗುವ, ಜೋರು ಒತ್ತಡದ ನೀರಿನ ಧಾರೆಯಿಂದ ತೊಳೆಯುವ ಡೀಸೆಲ್ ಜೆಟ್ ಇದು: ಒತ್ತಡ 500 ಬಾರ್, ನೀರು ನಿಮಿಷಕ್ಕೆ 21 ಲೀಟರ್. ಸೆಂಟ್ರಿಂಗ್ ಪ್ಲೇಟಿಗೆ (ಕಾಂಕ್ರೀಟ್ ಸುರಿಯಲು ಕಟ್ಟುವ ತಗಡಿಗೆ) ಕಚ್ಚಿದ ಸಿಮೆಂಟು, ಕಾಲಂ ಜಾಯಿಂಟಿನ ಹಾಲುಪದರ (ಕಾಂಕ್ರೀಟಿನ ಮೇಲೆ ನಿಲ್ಲುವ ಸಡಿಲ ಸಿಮೆಂಟು ಪದರ) ಸಲೀಸಾಗಿ ಏಳುತ್ತವೆ. ಗೇಜಿನ ಮುಳ್ಳೂ ಕುಣಿಯುವುದಿಲ್ಲ. ತಕರಾರು ಇರುವುದು ಜೊತೆಗೆ ಕೊಡುವ ಸಾಮಾನಿನ ಬಗ್ಗೆ.

ಕೈ ಬಿಟ್ಟ ಕೂಡಲೇ ನೀರು ನಿಲ್ಲಿಸಬೇಕಾದ ಟ್ರಿಗರಿನ ಮೇಲೆ ಬೈಂಡಿಂಗ್ ವೈರ್ ಬಿಗಿದ ಗುರುತಿದೆ, ಲಾಕ್ ಸವೆದಿದೆ. ಇಷ್ಟು ಒತ್ತಡಕ್ಕೆ ಗನ್ನು ಹಿಂದಕ್ಕೆ ಒದೆಯುವ ಬಲ ಹತ್ತಿರ ಹತ್ತಿರ 11 ಕೆ.ಜಿ. ಏಣಿ ಮೇಲೆ ನಿಂತು ಹಿಡಿಯುವ ಮಾತೇ ಇಲ್ಲ. ಟ್ರಿಗರ್ ಕಟ್ಟಿದ ಗನ್ನು ಕೈಜಾರಿದರೆ ಪಕ್ಕದಲ್ಲಿ ಪ್ಲೇಟು ಎತ್ತುವವನ ಕಾಲೇ ಮೊದಲು ಸಿಗುತ್ತದೆ. ಮಾಮೂಲಿ ಗಂಬೂಟು ಆ ನೀರನ್ನು ತಡೆಯದು. ಪೈಪಿನ ಜೋಡಣೆ ಬಿಚ್ಚಿದರೆ ಹಿಡಿದಿಡುವ ಸುರಕ್ಷಾ ಕೇಬಲ್ಲನ್ನೂ ಕೊಡುವುದಿಲ್ಲ. ಹೋಸಿನ ಮೇಲೆ ಅಚ್ಚಾದ ಒತ್ತಡ ಪಂಪಿನ ರಿಲೀಫ್ ವಾಲ್ವ್ (ಹೆಚ್ಚಾದ ಒತ್ತಡ ಹೊರಬಿಡುವ ವಾಲ್ವ್) ತೆರೆಯುವ ಒತ್ತಡಕ್ಕಿಂತ ಕಡಿಮೆ ಇದ್ದರೆ, ಅಥವಾ ಕ್ರಿಂಪ್ (ಹೋಸಿನ ತುದಿಗೆ ಒತ್ತಿ ಕೂರಿಸಿದ ಲೋಹದ ಬಳೆ) ಹತ್ತಿರ ಒಳಗಿನ ತಂತಿ ಕಾಣುತ್ತಿದ್ದರೆ, ವಾಪಸ್ ಕೊಡಿ. ಸೋರಿಕೆಯನ್ನು ರಟ್ಟು ಹಿಡಿದು ಹುಡುಕಬೇಕು, ಬೆರಳಿಂದಲ್ಲ.

ನೋಝಲ್ ಮೇಲೆ ಕೊರೆದ ನಾಲ್ಕಂಕಿಯಲ್ಲಿ ಮೊದಲ ಎರಡು ಧಾರೆ ಹರಡುವ ಕೋನ. ಅಂಗಡಿಯವರು 00, ಅಂದರೆ ಹರಡದ ನೇರ ಧಾರೆಯದನ್ನು, ಹಾಕಿಯೇ ಕಳಿಸುತ್ತಾರೆ. ಪ್ಲೇಟಿಗೆ 25 ಧಾರಾಳ ಸಾಕು. ಬದಲಿಸುವ ಮುನ್ನ ಎಂಜಿನ್ ನಿಲ್ಲಿಸಿದರಷ್ಟೇ ಸಾಲದು, ಟ್ರಿಗರ್ ಒತ್ತಿ ಪೈಪಿನಲ್ಲಿ ಉಳಿದ ಒತ್ತಡವನ್ನೂ ಬಿಡಬೇಕು. ಬೇಸ್‌ಮೆಂಟ್ ಕೆಲಸವಾದರೆ ಎಂಜಿನ್ ಹೊರಗೇ ಇರಲಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಯಂತ್ರಕ್ಕೆ ಅಂಟಿಸಿದ ಚೀಟಿ: ‘ನೀರು ತಾಗಿದರೆ ತೊಳೆದು ಪಟ್ಟಿ ಕಟ್ಟಿ’. ಧಾರೆ ಚರ್ಮ ತೂರಿದಾಗ ಹೊರಗೆ ಕಾಣುವುದು ಸೂಜಿಮೊನೆಯಷ್ಟು ತೂತು, ಎರಡು ಹನಿ ರಕ್ತ. ಮೊದಲಿಗೆ ನೋವೂ ಕಡಿಮೆ ಇರಬಹುದು. ಒಳಗೆ ಟ್ಯಾಂಕಿನ ಕೊಳೆ, ರೋಗಾಣು, ಸಿಮೆಂಟಿನ ಕಣ ಸ್ನಾಯುರಜ್ಜುಗಳ ಗುಂಟ ಮೇಲೇರಿರುತ್ತವೆ. ಬಾವು ಬರಲಿ, ನೋಡೋಣ ಎಂದು ಕಾದರೆ ಬೆರಳೇ ಹೋಗಬಹುದು. ಡ್ರೆಸಿಂಗ್ ಮಾಡುವ ಸಣ್ಣ ಕ್ಲಿನಿಕ್ ಸಾಲದು. ಬಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೇರ ಹೋಗಿ, ಎಷ್ಟು ಬಾರ್, ಎಷ್ಟು ಹೊತ್ತಿಗೆ, ಯಾವ ನೀರು ಎಂದು ಹೇಳಿ ಸರ್ಜನ್‌ಗೇ ತೋರಿಸಬೇಕು.

ಐದಕ್ಕೆ ಎರಡೂವರೆ, ಅದೂ ಪಂಪಿಗೋಸ್ಕರ. ಬೇರೆ ಗನ್ನು, ಕೇಬಲ್ಲು, 25ರ ನೋಝಲ್ ಕೊಟ್ಟ ಮೇಲೆಯೇ ಮುಂಗಡ ಕೊಡಿ. ಒಪ್ಪದಿದ್ದರೆ ಅಲ್ಲೇ 150 ಬಾರಿನ ಕರೆಂಟ್ ಯಂತ್ರವಿದೆ. ಕೆಲಸ ನಿಧಾನ, ಆದರೆ ಚರ್ಮ ಸೀಳಲು ಅದರ ಒತ್ತಡವೂ ಬೇಕಾದಷ್ಟಾಯಿತು.